ಮೂರು ಮೇಜು, ಒಂದು ಕೋಲು

ಎಲ್ಲದಕ್ಕೂ ಮೂಲ ಅಡುಗೆಮನೆಯ ಕಿಟಕಿ. ಅದರ ಕೊಂಡಿ ಕಳಚಿಬಿದ್ದು ಎಷ್ಟೋ ಕಾಲವಾಗಿತ್ತು. ಗಾಳಿ ಬೀಸಿದಾಗಲೆಲ್ಲ ದಡಾರ್ ಅಂತ ಬಡಿದುಕೊಳ್ಳುತ್ತಿತ್ತು. "ಒಂದು ಕೊಂಡಿ ಹಾಕಿಸ್ರೀ" ಅಂತ ಹೆಂಡತಿ ಹೇಳಿದಾಗಲೆಲ್ಲ ಗಂಡ "ನಾಳೆ" ಅಂದಿದ್ದ. ಕೊನೆಗೆ ಒಂದು ದಿನ ಅವಳು ಹಾಲಿನ ಮೂಲೆಯಲ್ಲಿ ನಿಂತಿದ್ದ ಕರಿಮರದ ಕೋಲೊಂದನ್ನು ಎತ್ತಿಕೊಂಡು, ಅದರ ತುದಿಯಿಂದ ಬೆರಳಗಲದ ಚೂರು ಕೊಯ್ದು, ಕಿಟಕಿಯ ಸಂದಿಗೆ ತುರುಕಿ, ಕೋಲನ್ನು ಇದ್ದಲ್ಲೇ ಇಟ್ಟು ಕೈ ಕೊಡವಿಕೊಂಡಳು. ಕಿಟಕಿ ಸುಮ್ಮನಾಯಿತು. ಅವಳ ಮಟ್ಟಿಗೆ ಅದು ಬರೀ ಕೋಲು. ಗಂಡನಿಗೆ ಮಾತ್ರ ಅದು ದೇವರಿಗಿಂತ ಒಂದು ಮೆಟ್ಟಿಲು ಕೆಳಗೆ.

ಗಂಡನದು ಕನ್ನಡಕದ ಅಂಗಡಿ. ಬೀದಿಯವರೆಲ್ಲ ಅವನನ್ನು ಚಾಳೀಸಪ್ಪ ಅಂತಲೇ ಕರೆಯುವುದು. ಹಗಲೆಲ್ಲ ಕಂಡವರ ಮೂಗಿನ ಮೇಲೆ ಕನ್ನಡಕ ಕೂರಿಸಿ, ಕೂದಲೆಳೆಯಷ್ಟು ಓರೆಯಾದರೂ ಒಪ್ಪದ ಮನುಷ್ಯ. ಅಂಗಡಿ ಬಾಗಿಲು ಹಾಕಿದ ಮೇಲೆ ಅವನ ಜೀವವೆಲ್ಲ ಸ್ಲಾಟ್ ಕಾರಿನ ಮೇಲೆ. ನೋಡದವರಿಗಾಗಿ ಹೇಳುತ್ತೇನೆ: ಹಲಗೆಯ ಮೇಲೆ ಒಂದು ರಸ್ತೆ, ರಸ್ತೆಯ ನಡುವೆ ಒಂದು ಸೀಳು, ಸೀಳಿನ ಎರಡು ಪಕ್ಕಕ್ಕೂ ತಾಮ್ರದ ಪಟ್ಟಿ. ಬೆರಳುದ್ದದ ಕಾರಿನ ಹೊಟ್ಟೆಯಡಿಯ ನಾಲಿಗೆ ಆ ಸೀಳಿನೊಳಗೆ ಇಳಿದು, ಪಟ್ಟಿಯಿಂದ ಕರೆಂಟು ಹೀರುತ್ತ ಕಾರನ್ನು ಓಡಿಸುತ್ತದೆ. ಕೈಯಲ್ಲೊಂದು ಗುಂಡಿ. ಒತ್ತಿದಷ್ಟೂ ವೇಗ. ತಿರುವಿನಲ್ಲಿ ಒಂಚೂರು ಹೆಚ್ಚು ಒತ್ತಿದಿರೋ, ಕಾರು ರಸ್ತೆ ಬಿಟ್ಟು ಹಾರಿ ಯಾರ ಮಡಿಲಿಗಾದರೂ ಬೀಳುತ್ತದೆ.

ಇಷ್ಟು ದೊಡ್ಡ ರಸ್ತೆಯನ್ನು ಒಂದೇ ಮೇಜಿನ ಮೇಲೆ ಕಟ್ಟಿದರೆ ಅದು ಬಾಗಿಲಲ್ಲಿ ಹಿಡಿಸುವುದಿಲ್ಲ. ಹಾಗಾಗಿ ಚಾಳೀಸಪ್ಪ ಮತ್ತವನ ಇಬ್ಬರು ಗೆಳೆಯರು ಮೂರು ಮೇಜು ಮಾಡಿ ಜೋಡಿಸುವುದೆಂದು ತೀರ್ಮಾನಿಸಿದ್ದರು. ಎಡಗಡೆಯ ತಿರುವು ಡ್ರೈವಿಂಗ್ ಸ್ಕೂಲಿನ ಮೇಷ್ಟ್ರದು. ಬಲಗಡೆಯ ತಿರುವು ಹಲ್ಲಿನ ಡಾಕ್ಟರದು. ನಡುವಿನ ನೇರ ರಸ್ತೆ ಚಾಳೀಸಪ್ಪನದು. ಅವರವರ ಮೇಜು ಅವರವರ ಮನೆಯಲ್ಲೇ ತಯಾರಾಗಬೇಕು, ಒಂದೇ ಎತ್ತರಕ್ಕೆ ನಿಲ್ಲಬೇಕು. ಮೊದಲು ಟೇಪು ಹಿಡಿದು ಅಳೆದರು. ಮೇಷ್ಟ್ರ ಟೇಪಿನ ಮುಂತುದಿ ಮುರಿದಿತ್ತು, ಡಾಕ್ಟರ ಟೇಪು ಎಳೆದರೆ ಉದ್ದವಾಗುತ್ತಿತ್ತು. ಆವತ್ತು ಆದ ಜಗಳದಲ್ಲಿ ಮೂವರೂ ವಾರಗಟ್ಟಲೆ ಮಾತು ಬಿಟ್ಟಿದ್ದರು. ಆಮೇಲೆ ಬಂದದ್ದು ಈ ಕೋಲು. ಕೋಲಿನಷ್ಟು ಎತ್ತರವೇ ಮೇಜಿನ ಎತ್ತರ, ನಡುವೆ ಎಳೆದ ಒಂದು ಗೆರೆ ಕಾಲುಗಳಿಗೆ ಬಿಗಿಯುವ ಅಡ್ಡಪಟ್ಟಿಯ ಜಾಗ. "ಇನ್ಮೇಲೆ ಟೇಪು ಮುಟ್ಟಿದೋನು ನಮ್ಮ ಗುಂಪಿನೋನಲ್ಲ" ಎಂದು ಆಣೆಯಾಯಿತು. ಚಾಳೀಸಪ್ಪ ಮೊದಲು ತನ್ನ ಕಾಲುಗಳನ್ನು ಕೊಯ್ದ, ಕೋಲನ್ನು ಮೂಲೆಯಲ್ಲಿಟ್ಟ. ಕಿಟಕಿಯ ಪ್ರಸಂಗ ನಡೆದದ್ದು ಆಗಲೇ. ಅದಾದ ಮೇಲೆ ಗೆಳೆಯರು ಬಂದು ಕೋಲು ಒಯ್ದರು.

ಇಷ್ಟೇ ಆಗಿದ್ದರೆ ನಕ್ಕು ಬಿಡಬಹುದಿತ್ತು. ಆದರೆ ಹಿಂದಿನ ರೂಮಿನ ವಿಷಯವೊಂದು ಇತ್ತಲ್ಲ. ಮೂರೂ ಮೇಜು ನಿಲ್ಲಬೇಕಾದದ್ದು ಅಲ್ಲೇ, ಯಾಕೆಂದರೆ ಮೇಷ್ಟ್ರ ಮನೆಯಲ್ಲೂ ಡಾಕ್ಟರ ಮನೆಯಲ್ಲೂ ಹೆಂಗಸರು ಆಗಲೇ ಮುಖಕ್ಕೆ ಹೊಡೆದ ಹಾಗೆ ಬೇಡ ಅಂದಿದ್ದರು. ಇಲ್ಲಿ ನೋಡಿದರೆ ಒಂದು ವಾರ ಇದ್ದು ಹೋಗುತ್ತೇನೆಂದು ಬಂದ ಭಾವಮೈದ ಹಾಲಿನ ಸೋಫಾದ ಮೇಲೆ ಬೇರು ಬಿಟ್ಟಿದ್ದ. ಅವನ ಟ್ರಂಕು ಸೋಫಾದ ಪಕ್ಕದಲ್ಲಿ ಕೂತು ರೂಮಿನ ಕಡೆಗೇ ನೋಡುತ್ತಿತ್ತು.

"ನಿಮ್ಮ ಮೇಜನ್ನ ಮಂಚದ ಕೆಳಗೆ ತಳ್ಳಿ. ರೂಮು ನನ್ನ ತಮ್ಮನಿಗಾಗುತ್ತೆ" ಅಂದಿದ್ದಳು ಹೆಂಡತಿ.

ಚಾಳೀಸಪ್ಪ ತನ್ನ ಮೇಜನ್ನು ಹೊತ್ತುಕೊಂಡೇ ಹೋಗಿ ಮಂಚದ ಪಕ್ಕ ನಿಲ್ಲಿಸಿ ತೋರಿಸಿದ್ದ. "ನೀನೇ ಕಣ್ಣಾರೆ ನೋಡು. ಸೊಂಟದೆತ್ತರ ಇದೆ. ಮಂಚದ ಕೆಳಗೆ ಹಿಡಿಸುತ್ತಾ? ಹಿಡಿಸೋ ಹಾಗಿದ್ರೆ ನಾನ್ಯಾಕೆ ರೂಮು ಕೇಳ್ತಿದ್ದೆ? ಇವು ಮಂಚದ ಕೆಳಗೆ ಹೋದ ದಿನ ರೂಮಿನ ಬೀಗದ ಕೈ ನಾನೇ ನಿನ್ನ ತಮ್ಮನ ಕೈಗೆ ಕೊಡ್ತೀನಿ."

ಹೆಂಡತಿ ಒಮ್ಮೆ ಮೇಜು ನೋಡಿದಳು, ಒಮ್ಮೆ ಮಂಚ ನೋಡಿದಳು. "ಸರಿ. ಆದ್ರೆ ಇಷ್ಟು ದಿನದಿಂದ ಕೊಯ್ತಾನೇ ಇದ್ದೀರ, ಕಾರು ಓಡಿದ್ದು ನಾನಂತೂ ಕಂಡಿಲ್ಲ. ಈ ಭಾನುವಾರ ಬೀದಿ ದೀಪ ಹತ್ತೋದ್ರೊಳಗೆ ಒಂದು ಪೂರ್ತಿ ಸುತ್ತು ಓಡ್ಬೇಕು. ಓಡ್ಲಿಲ್ಲವೋ, ಮೇಜು ಮೂರೂ ಗುಜರಿಗೆ, ರೂಮು ತಮ್ಮನಿಗೆ."

ಚಾಳೀಸಪ್ಪ ಒಪ್ಪಿದ. ಒಪ್ಪದೆ ಇನ್ನೇನು ಮಾಡುತ್ತಾನೆ, ಪಾಪ.

ಭಾನುವಾರ ಬೆಳಿಗ್ಗೆ ಮೇಷ್ಟ್ರೂ ಡಾಕ್ಟರೂ ಏದುಸಿರು ಬಿಡುತ್ತ ತಂತಮ್ಮ ಮೇಜನ್ನು ಮೆಟ್ಟಿಲು ಹತ್ತಿಸಿಕೊಂಡು ಬಂದರು. ರೂಮಿನ ತೀರ್ಮಾನ ಇನ್ನೂ ಆಗಿರಲಿಲ್ಲ, ಅದಕ್ಕೇ ಹಾಲಿನ ಸಾಮಾನೆಲ್ಲ ಗೋಡೆಗೆ ಸರಿದಿತ್ತು. ನಡುವೆ ಚಾಳೀಸಪ್ಪನ ಮೇಜು, ಎರಡು ಪಕ್ಕಕ್ಕೆ ಅವರದು. ಮೂವರೂ ಉಸಿರು ಬಿಗಿಹಿಡಿದು ಮೇಜುಗಳನ್ನು ಕೂಡಿಸಿದರು.

ನಡುವಿನ ಮೇಜು ಬೆರಳಗಲ ಎತ್ತರಕ್ಕೆ ನಿಂತಿತ್ತು.

ಡಾಕ್ಟರು ಕೋಲನ್ನು ತಮ್ಮ ಮೇಜಿನ ಪಕ್ಕ ನಿಲ್ಲಿಸಿದರು, ಸರಿಯಾಗಿತ್ತು. ಮೇಷ್ಟ್ರ ಮೇಜಿನ ಪಕ್ಕ ನಿಲ್ಲಿಸಿದರು, ಅದೂ ಸರಿಯಾಗಿತ್ತು. ಚಾಳೀಸಪ್ಪನ ಮೇಜಿನ ಪಕ್ಕ ನಿಲ್ಲಿಸಿದಾಗ ಕೋಲು ಕುಳ್ಳಾಗಿ ಕಂಡಿತು.

"ಕೋಲು ನಿಮ್ಮನೇದು. ತಪ್ಪೂ ನಿಮ್ಮನೇದೇ" ಅಂದರು ಮೇಷ್ಟ್ರು.

"ಇದು ಹೇಗೆ ಸಾಧ್ಯ ರೀ? ನಾನು ಇದೇ ಕೋಲು ಹಿಡಿದು ಕೊಯ್ದಿದ್ದು."

"ನಿಮ್ಮ ಕಣ್ಣು ಒಂದ್ಸಲ ಪರೀಕ್ಷೆ ಮಾಡಿಸಿ" ಅಂದರು ಡಾಕ್ಟರು. ತಮಾಷೆಗೇ ಅಂದದ್ದು, ಆದರೆ ಕನ್ನಡಕದ ಅಂಗಡಿಯವನಿಗೆ ಇದಕ್ಕಿಂತ ದೊಡ್ಡ ಬೈಗುಳವಿಲ್ಲ. ಚಾಳೀಸಪ್ಪನ ಕಿವಿ ಕೆಂಪಾಯಿತು. ಟೀ ತಂದ ಹೆಂಡತಿ ಕೋಲನ್ನು ನೋಡಿದಳು, ಅಡುಗೆಮನೆಯ ಕಡೆ ನೋಡಿದಳು, ಲೋಟಗಳನ್ನಿಟ್ಟು ಒಳಗೆ ಹೋದಳು.

"ಈಗೇನಾಯ್ತು? ನಾಲ್ಕು ಕಾಲಿಗೂ ಬೆರಳಗಲ ಕೊಯ್ದ್ರಾಯ್ತು. ನಾನು ಹಿಡ್ಕೋತೀನಿ ಭಾವ" ಅಂತ ಭಾವಮೈದ ಸೋಫಾದಿಂದ ಎದ್ದ. ಅವನು ತಾನಾಗಿ ಎದ್ದದ್ದನ್ನು ಆ ಮನೆಯಲ್ಲಿ ಯಾರೂ ಕಂಡಿರಲಿಲ್ಲ. ಆಗಲೇ ಚಾಳೀಸಪ್ಪನಿಗೆ ಅನುಮಾನ ಬರಬೇಕಿತ್ತು.

ಮೇಜು ಬೋರಲಾಯಿತು, ಗರಗಸ ಬಂತು. ಚಾಳೀಸಪ್ಪ ನಾಲ್ಕು ಕಾಲಿಗೂ ಬೆರಳಗಲದ ಗುರುತಿಗೆ ಗೆರೆ ಎಳೆದ. ಎರಡು ಕಾಲನ್ನು ಗೆರೆಯ ಮೇಲುಗಡೆ, ಎರಡನ್ನು ಗೆರೆಯ ಕೆಳಗಡೆ ಕೊಯ್ದ. ನೇರ ನಿಲ್ಲಿಸಿದರೆ ಮೇಜು ಕುಡಿದವನ ಹಾಗೆ ತೂಗಾಡಿತು. ಹೆಂಡತಿ ಒಂದು ಬುಟ್ಟಿ ತಂದು ಬಿದ್ದ ಚೂರುಗಳನ್ನೆಲ್ಲ ಆರಿಸಿಕೊಂಡು ಹೋದಳು. ಇಷ್ಟು ಗಲಾಟೆಯಲ್ಲೂ ಮನೆ ಚೊಕ್ಕಟವಾಗಿಡುತ್ತಾಳಲ್ಲ ಅಂತ ಚಾಳೀಸಪ್ಪನಿಗೆ ಅವಳ ಮೇಲೆ ಪ್ರೀತಿಯೇ ಬಂತು.

ಗರಗಸದ ಶಬ್ದಕ್ಕೆ ಕೆಳಮನೆಯ ಓವರ್ಸಿಯರು ಹತ್ತಿ ಬಂದರು. ಊರ ಕಟ್ಟಡಗಳನ್ನೆಲ್ಲ ಮೇಲ್ವಿಚಾರಣೆ ಮಾಡಿ ನಿವೃತ್ತರಾದವರು. ಬೈಯಲು ಬಂದವರು ತೂಗಾಡುವ ಮೇಜು ನೋಡಿ ಬೈಯುವುದನ್ನೇ ಮರೆತರು. ಓಡಿಹೋಗಿ ಗಾರೆ ಕೆಲಸದವರು ಬಳಸುವ ರಸಮಟ್ಟ ತಂದು ನೆಲದ ಮೇಲಿಟ್ಟರು. ಗಾಜಿನೊಳಗಿನ ಗುಳ್ಳೆ ಒಂದು ಮೂಲೆಗೆ ಓಡಿತು.

"ಮೇಜಲ್ಲ ರೀ, ನಿಮ್ಮ ನೆಲಾನೇ ಓರೆ. ಈ ಕಾಲು ಸ್ವಲ್ಪ ತೆಗೀರಿ. ಹಾಂ. ಈಗ ಆ ಕಾಲು. ಅಯ್ಯೋ, ಜಾಸ್ತಿ ಆಯ್ತು. ಇರಲಿ, ಹಿಂದಿನದನ್ನೂ ಅಷ್ಟೇ ತೆಗೀರಿ."

ತೆಗೆಯುತ್ತ ತೆಗೆಯುತ್ತ ಮಧ್ಯಾಹ್ನವಾಯಿತು. ಮೇಜಿನ ಮೇಲಿಟ್ಟ ರಸಮಟ್ಟದ ಗುಳ್ಳೆ ಕೊನೆಗೂ ನಡುವೆ ಬಂದು ನಿಂತಿತು. ಓವರ್ಸಿಯರು ಬೆವರು ಒರೆಸಿಕೊಂಡರು. ಮೇಜುಗಳನ್ನು ಮತ್ತೆ ಕೂಡಿಸಿದರು. ಈಗ ನಡುವಿನ ಮೇಜು ಮೂರು ಬೆರಳು ತಗ್ಗಿನಲ್ಲಿತ್ತು.

"ನಮ್ಮದನ್ನ ಮುಟ್ಟೋ ಹಾಗಿಲ್ಲ" ಅಂದರು ಡಾಕ್ಟರು, ಮಗುವನ್ನು ಅಪ್ಪಿಕೊಂಡ ಹಾಗೆ ಮೇಜಿನ ಮೇಲೆ ಕೈಯಿಟ್ಟು.

"ಕೊಯ್ದ ಚೂರನ್ನೇ ಕಾಲಿನ ಕೆಳಗೆ ಇಟ್ಟರೆ?" ಅಂದ ಚಾಳೀಸಪ್ಪ. "ಲೇ, ಆ ಚೂರುಗಳೆಲ್ಲಿ?"

"ಎತ್ತಿಟ್ಟಾಯ್ತು. ಈಗ ಸಿಗಲ್ಲ" ಅಂತ ಒಳಗಿನಿಂದ ಉತ್ತರ ಬಂತು.

ರಟ್ಟು ಮಡಿಸಿ ಇಟ್ಟು ನೋಡಿದರು. ಮೇಷ್ಟ್ರು ತಮ್ಮ ಕಾರನ್ನು ಬಿಟ್ಟರು. ಅದು ಸಂದಿಗೆ ಬಂದದ್ದೇ ಮೇಜು ನಡುಗಿ, ರಟ್ಟು ಜಾರಿ, ಕಾರು ಮುಗ್ಗರಿಸಿ ಸೋಫಾದ ಕೆಳಗೆ ಸೇರಿತು. ಓವರ್ಸಿಯರು ತಲೆಯಾಡಿಸಿದರು. "ಅಡಿಪಾಯಕ್ಕೆ ಯಾರಾದ್ರೂ ರಟ್ಟು ಇಡ್ತಾರೇನ್ರೀ? ಎಲ್ಲಾನೂ ತಗ್ಗಿನ ಮಟ್ಟಕ್ಕೆ ತರಬೇಕು. ಬೇರೆ ದಾರಿ ಇಲ್ಲ."

ಮಧ್ಯಾಹ್ನದ ಊಟ ಯಾರ ಗಂಟಲಲ್ಲೂ ಇಳಿಯಲಿಲ್ಲ, ಭಾವಮೈದನದೊಂದು ಬಿಟ್ಟು. ಚಾಳೀಸಪ್ಪ ತುತ್ತಿಗೊಮ್ಮೆ ಕಿಟಕಿಯಾಚೆಯ ದೀಪದ ಕಂಬ ನೋಡುತ್ತಿದ್ದ. ರೂಮು ಹೋದರೆ ಮೇಜು ಹೋಗುತ್ತದೆ, ಮೇಜು ಹೋದರೆ ಗೆಳೆಯರು ಹೋಗುತ್ತಾರೆ. ಆಮೇಲೆ ಅಂಗಡಿಯಿಂದ ಮನೆಗೆ ಬಂದು ಭಾವಮೈದನ ಮುಖ ನೋಡುತ್ತ ಕೂರಬೇಕು.

ಊಟವಾದ ಮೇಲೆ ಚಾಳೀಸಪ್ಪ ಹೊಸ ಎತ್ತರಕ್ಕೆ ಕೋಲಿನ ಮೇಲೊಂದು ಗೆರೆ ಎಳೆದು ಗೆಳೆಯರ ಕೈಗೆ ಕೊಟ್ಟ. ಡಾಕ್ಟರು ಒಂದು ಕಾಲನ್ನು ಹಲ್ಲು ಉಜ್ಜಿದಷ್ಟು ನಾಜೂಕಾಗಿ ಉಜ್ಜುತ್ತ ಕೂತರು. ಮೇಷ್ಟ್ರು ಹಾಗಲ್ಲ. ಪಾಠ ಹೇಳಿಕೊಡುವಾಗ ಬ್ರೇಕಿನ ಮೇಲಿಂದ ಕಾಲು ತೆಗೆಯದ ಮನುಷ್ಯ, ಗರಗಸ ಸಿಕ್ಕಿದ್ದೇ ಬ್ರೇಕು ಅನ್ನುವುದೊಂದಿದೆ ಎಂಬುದನ್ನೇ ಮರೆತರು. ಬಾಲ್ಕನಿಗೆ ಹೋಗಿ ಗೆರೆಗೆ ಗೆರೆ ಇಟ್ಟು ನಾಲ್ಕು ಕಾಲನ್ನೂ ಸರಸರ ಕೊಯ್ದು ಮುಗಿಸಿ, ಹೆಮ್ಮೆಯಿಂದ ಮೇಜು ತಂದು ನಿಲ್ಲಿಸಿದರು. ಅದು ಮಿಕ್ಕ ಎರಡರ ಪಕ್ಕ ಒಂದು ಗೇಣಿಗಿಂತಲೂ ಹೆಚ್ಚು ಕುಳ್ಳಾಗಿ ನಿಂತಿತು.

ಅವರು ಹಿಡಿದದ್ದು ಎತ್ತರದ ಗೆರೆಯಲ್ಲ, ಅಡ್ಡಪಟ್ಟಿಯ ಗೆರೆ.

"ಎರಡು ಗೆರೆ ಇದೆ ಅಂತ ನೀವು ಹೇಳ್ಲಿಲ್ಲ" ಅಂದರು ಮೇಷ್ಟ್ರು, ಗರಗಸವನ್ನು ಬೆನ್ನ ಹಿಂದೆ ಅಡಗಿಸಿಕೊಂಡು.

"ಅಡ್ಡಪಟ್ಟಿ ಎಲ್ಲಿ ಹಾಕ್ಬೇಕು ಅಂದ್ಕೊಂಡಿದ್ರಿ, ತಲೆ ಮೇಲಾ?" ಅಂದರು ಡಾಕ್ಟರು.

"ನಾನಿನ್ನೂ ಹಾಕಿಲ್ಲ ರೀ. ಹಾಕಿದ್ರೆ ಗೊತ್ತಾಗ್ತಿತ್ತು."

ಚಾಳೀಸಪ್ಪ ತಲೆ ಮೇಲೆ ಕೈಹೊತ್ತು ನೆಲದ ಮೇಲೆ ಕೂತುಬಿಟ್ಟ. ಹೆಂಡತಿ ಬಾಲ್ಕನಿಯಿಂದ ಗೇಣುದ್ದದ ನಾಲ್ಕು ತುಂಡುಗಳನ್ನು ಬುಟ್ಟಿಗೆ ಹಾಕಿಕೊಂಡು ಬಂದಳು. ಬುಟ್ಟಿ ಈಗ ಭಾರವಾಗಿತ್ತು, ಆದರೂ ಅವಳ ನಡಿಗೆ ಹಗುರವಾಗಿತ್ತು. "ಬೇಜಾರು ಮಾಡ್ಕೋಬೇಡಿ. ಮಿಕ್ಕಿದ್ದೆರಡನ್ನೂ ಅಷ್ಟಕ್ಕೇ ಕೊಯ್ದ್ರೆ ಸರಿಹೋಗುತ್ತೆ. ಇನ್ನೂ ಬೆಳಕಿದೆ" ಅಂದಳು. ಅವಳ ಬಾಯಿಂದ ಸಮಾಧಾನದ ಮಾತು ಕೇಳಿ ಚಾಳೀಸಪ್ಪನ ಕಣ್ಣಲ್ಲಿ ನೀರೇ ಬಂತು. ಎದ್ದು ಅಡ್ಡಪಟ್ಟಿ ಬಿಚ್ಚಿದ.

ಆಮೇಲೆ ನಡೆದದ್ದು ಕೊಯ್ತ, ಬರೀ ಕೊಯ್ತ. ಒಂದು ಗರಗಸ ಚಾಳೀಸಪ್ಪನ ಕೈಯಲ್ಲಿ, ಒಂದು ಡಾಕ್ಟರ ಕೈಯಲ್ಲಿ. ಓವರ್ಸಿಯರು ರಸಮಟ್ಟ ಹಿಡಿದು ನೆಲದ ಮೇಲೆ ಬೋರಲು ಮಲಗಿ "ಇನ್ನೊಂಚೂರು, ಇನ್ನೊಂಚೂರು" ಅನ್ನುತ್ತಿದ್ದರು. ಮೇಷ್ಟ್ರ ಕೈಗೆ ಮತ್ತೆ ಗರಗಸ ಕೊಡಬಾರದೆಂದು ತೀರ್ಮಾನವಾಗಿದ್ದರಿಂದ ಅವರು ಗಡಿಯಾರ ನೋಡುವ ಕೆಲಸ ಮಾಡಿದರು. ಭಾವಮೈದ ಯಾವಾಗಲೋ ಮಾಯವಾಗಿದ್ದ. ಮಲಗುವ ರೂಮಿನಿಂದ ಠಕ್ ಠಕ್ ಅಂತ ಸುತ್ತಿಗೆಯ ಶಬ್ದ ಬರುತ್ತಿತ್ತು.

"ಅದೇನು ಒಳಗೆ?" ಅಂದ ಚಾಳೀಸಪ್ಪ, ತಲೆ ಎತ್ತದೆ.

"ತಮ್ಮ ಏನೋ ರಿಪೇರಿ ಮಾಡ್ತಿದಾನೆ. ನೀವು ನಿಮ್ಮ ಕೆಲಸ ನೋಡಿ" ಅಂದಳು ಹೆಂಡತಿ, ಮತ್ತಷ್ಟು ತುಂಡು ಆರಿಸಿಕೊಳ್ಳುತ್ತ.

ಬೆಳಕು ಮಾಸುತ್ತ ಬಂದಾಗ ಮೂರು ಮೇಜೂ ಮೊಣಕಾಲೆತ್ತರಕ್ಕೆ ಸಾಲಾಗಿ ನಿಂತವು. ಗುಳ್ಳೆ ಅಲುಗಲಿಲ್ಲ. ಸೀಳಿಗೆ ಸೀಳು, ಪಟ್ಟಿಗೆ ಪಟ್ಟಿ ಕೂಡಿತು. ಚಾಳೀಸಪ್ಪ ಬೆರಳ ತುದಿಯನ್ನು ಸಂದಿಯ ಮೇಲೆ ಎಳೆದು ನೋಡಿದ, ಸಂದಿಯೇ ತಿಳಿಯಲಿಲ್ಲ. ಬೋಲ್ಟು ಬಿಗಿದರು, ತಂತಿ ಸಿಕ್ಕಿಸಿದರು. ಎಲ್ಲರೂ ನೆಲದ ಮೇಲೆ ಮಂಡಿಯೂರಿ ಕೂತರು, ನಿಂತು ನೋಡುವಷ್ಟು ಎತ್ತರವೇ ಉಳಿದಿರಲಿಲ್ಲವಲ್ಲ. ಹೆಂಡತಿ ಬಾಲ್ಕನಿಯ ಬಾಗಿಲಲ್ಲಿ ನಿಂತು ಕಂಬದ ಮೇಲೆ ಕಣ್ಣಿಟ್ಟಳು.

ಚಾಳೀಸಪ್ಪ ನೀಲಿ ಕಾರನ್ನು ಸೀಳಿಗಿಳಿಸಿ ಗುಂಡಿ ಒತ್ತಿದ. ಕಾರು ಗುಂಯ್ ಅಂತ ನೇರ ರಸ್ತೆ ದಾಟಿತು. ಡಾಕ್ಟರ ತಿರುವಿಗೆ ಬಂತು, ಬಾಲ ಒಂದಿಷ್ಟು ಜಾರಿಸಿ ತಿರುಗಿತು. ಮತ್ತೆ ನೇರ ರಸ್ತೆ. ಇನ್ನು ಮೇಷ್ಟ್ರ ತಿರುವೊಂದೇ ಬಾಕಿ.

ಅಡುಗೆಮನೆಯಲ್ಲಿ ದಡಾರ್ ಅಂತ ಕಿಟಕಿ ಬಡಿಯಿತು.

ಚಾಳೀಸಪ್ಪ ಬೆಚ್ಚಿಬಿದ್ದ. ಬೆರಳು ಗುಂಡಿಯನ್ನು ಪೂರ್ತಿ ಒತ್ತಿತು. ಕಾರು ತಿರುವಿನಲ್ಲಿ ಎದ್ದು, ಓವರ್ಸಿಯರ ಟೀ ಲೋಟದೊಳಗೆ ಮೂಗು ಕೆಳಗಾಗಿ ಮುಳುಗಿತು.

"ಆ ಕಿಟಕಿ ಸುಮ್ಮನಿತ್ತಲ್ಲೇ, ಈಗೇನಾಯ್ತು ಅದಕ್ಕೆ?" ಚಾಳೀಸಪ್ಪನ ದನಿ ಒಡೆದಿತ್ತು.

"ಗಾಳಿ" ಅಂದಳು ಹೆಂಡತಿ, ಕಂಬದ ಮೇಲಿನ ಕಣ್ಣು ತೆಗೆಯದೆ.

ಡಾಕ್ಟರು ಕಾರನ್ನು ಲೋಟದಿಂದ ಕಿತ್ತು, ಅಂಗಿಯ ತುದಿಯಿಂದ ಒರೆಸಿ, ಜೇಬಿನಿಂದ ಹಲ್ಲು ಕೆದಕುವ ಕಡ್ಡಿ ತೆಗೆದು ಅದರ ನಾಲಿಗೆ ನೆಟ್ಟಗೆ ಮಾಡಿದರು. ಅವರ ಜೀವಮಾನದಲ್ಲಿ ಅಷ್ಟು ಬೇಗ ಯಾವ ರೋಗಿಯೂ ಕುರ್ಚಿಯಿಂದ ಎದ್ದಿರಲಿಲ್ಲ. ಹೊರಗೆ ಮೂಲೆಮನೆಯ ಮುಂದಿನ ದೀಪ ಹತ್ತಿತು. ಅದರ ಪಕ್ಕದ್ದೂ ಹತ್ತಿತು. ಇವರ ಮನೆ ಮುಂದಿನ ಕಂಬ ಯಾವಾಗಲೂ ಕೊನೆಗೆ ಹತ್ತುವುದು, ಅದೊಂದೇ ಆಸರೆ.

"ಬಿಡ್ರೀ, ಬೇಗ ಬಿಡ್ರೀ" ಅಂದರು ಮೇಷ್ಟ್ರು.

ಕಾರು ಹೊರಟಿತು. ಚಾಳೀಸಪ್ಪ ಗುಂಡಿಯನ್ನು ಮೊಟ್ಟೆ ಹಿಡಿದ ಹಾಗೆ ಹಿಡಿದಿದ್ದ. ನೇರ ರಸ್ತೆ, ಡಾಕ್ಟರ ತಿರುವು, ಮತ್ತೆ ನೇರ ರಸ್ತೆ. ಹೊರಗೆ ಕಂಬದ ದೀಪ ಒಮ್ಮೆ ಮಿನುಗಿ ಆರಿತು. ಕಿಟಕಿ ಮತ್ತೆ ಬಡಿಯಿತು, ಈ ಸಲ ಅವನು ಅಲುಗಲಿಲ್ಲ. ಮೇಷ್ಟ್ರ ತಿರುವಿನಲ್ಲಿ ಕಾರು ಒಂದು ಪಕ್ಕದ ಚಕ್ರ ಎತ್ತಿತು, ಓವರ್ಸಿಯರು ಲೋಟದ ಮೇಲೆ ಅಂಗೈ ಮುಚ್ಚಿದರು, ಚಕ್ರ ಮತ್ತೆ ಇಳಿಯಿತು. ಹೊರಟ ಗೆರೆಯನ್ನು ಕಾರು ದಾಟಿದ್ದಕ್ಕೂ ಕಂಬದ ದೀಪ ಪೂರ್ತಿ ಹತ್ತಿದ್ದಕ್ಕೂ ನಡುವೆ ಒಂದು ಉಸಿರಿನಷ್ಟೇ ವ್ಯತ್ಯಾಸ.

ಮೇಷ್ಟ್ರು ಡಾಕ್ಟರನ್ನು ತಬ್ಬಿಕೊಂಡರು. ಓವರ್ಸಿಯರು ರಸಮಟ್ಟಕ್ಕೆ ಮುತ್ತಿಟ್ಟರು. ಚಾಳೀಸಪ್ಪ ಮಂಡಿಯ ಮೇಲೇ ತಿರುಗಿ ಹೆಂಡತಿಯ ಕಡೆ ನೋಡಿದ. "ನೋಡಿದ್ಯಾ? ದೀಪ ಹತ್ತೋಕೆ ಮುಂಚೆ."

"ನೋಡ್ದೆ. ಚೆನ್ನಾಗಿ ಓಡ್ತು" ಅಂದಳು ಅವಳು, ನಗುತ್ತ. "ಮೇಜು ಯಾವುದೂ ಗುಜರಿಗೆ ಹಾಕಲ್ಲ. ಮಾತು ಅಂದ್ರೆ ಮಾತು."

ಅಷ್ಟರಲ್ಲಿ ಭಾವಮೈದ ಟ್ರಂಕು ಎತ್ತಿಕೊಂಡು ಹಿಂದಿನ ರೂಮಿನ ಕಡೆ ಹೊರಟಿದ್ದ.

"ಎಲ್ಲಿಗಪ್ಪಾ ಹೊರಟೆ?"

"ರೂಮಿಗೆ ಭಾವ. ಬೀಗದ ಕೈ ಕೊಡಿ."

"ಏನು? ಕಾರು ಓಡ್ತಲ್ಲೋ. ನಿನ್ನ ಅಕ್ಕನೇ ಒಪ್ಪಿಕೊಂಡಳು."

"ಒಂದ್ನಿಮಿಷ ಬನ್ನಿ ಇಲ್ಲಿ. ನೀವೂ ಬನ್ನಿ, ಹಾಗೇ ಬೋಲ್ಟು ಬಿಚ್ಚಿ ಆ ಮೇಜೊಂದನ್ನ ಎತ್ಕೊಂಡು ಬನ್ನಿ" ಅಂತ ಹೆಂಡತಿ ಎಲ್ಲರನ್ನೂ ಮಲಗುವ ರೂಮಿಗೆ ಕರೆದಳು.

ಮಂಚ ಎದ್ದು ನಿಂತಿತ್ತು. ಅದರ ನಾಲ್ಕು ಕಾಲಿನ ಕೆಳಗೂ ಮರದ ತುಂಡುಗಳು ಒಂದರ ಮೇಲೊಂದು. ಬೆಳಗಿನ ಬೆರಳಗಲದ್ದು, ಮಧ್ಯಾಹ್ನದ ಮೂರು ಬೆರಳಿನದು, ಸಾಯಂಕಾಲದ ಗೇಣುದ್ದದ್ದು. ಅಡ್ಡಪಟ್ಟಿ ಬಡಿದು, ಮೊಳೆ ಹೊಡೆದು ಭದ್ರ ಮಾಡಿತ್ತು. ಇಡೀ ದಿನ ಹಾಲಿನಲ್ಲಿ ಮೇಜು ಇಳಿದಷ್ಟೂ ಇಲ್ಲಿ ಮಂಚ ಏರಿತ್ತು. ಹೆಂಡತಿ ಡಾಕ್ಟರ ಕೈಯಿಂದ ಮೇಜು ತೆಗೆದುಕೊಂಡು ಮಂಚದ ಕೆಳಗೆ ತಳ್ಳಿದಳು. ಅದು ಎಲ್ಲೂ ತಾಗದೆ ಒಳಗೆ ಹೋಯಿತು. ಪಕ್ಕದಲ್ಲಿ ಇನ್ನೆರಡಕ್ಕೆ ಜಾಗ ಬಾಕಿಯಿತ್ತು.

"ಮಂಚದ ಕೆಳಗೆ ಹೋದ ದಿನ ಬೀಗದ ಕೈ ಕೊಡ್ತೀನಿ ಅಂದಿದ್ರಲ್ಲ" ಅಂದಳು ಅವಳು, ಮೆತ್ತಗೆ.

ಭಾವಮೈದ ಅಂಗೈ ಚಾಚಿದ. ಚಾಳೀಸಪ್ಪ ಗೆಳೆಯರ ಮುಖ ನೋಡಿದ. ಅವರು ಮಂಚ ನೋಡುತ್ತಿದ್ದರು. ಅವನು ಜೇಬಿಗೆ ಕೈಹಾಕಿ ಬೀಗದ ಕೈ ತೆಗೆದುಕೊಟ್ಟ.

ಓವರ್ಸಿಯರು ಸುಮ್ಮನಿರಲಾರದೆ ಮಂಚದ ಮೇಲೆ ರಸಮಟ್ಟ ಇಟ್ಟರು. ಗುಳ್ಳೆ ನಡುವಿಗೆ ಬಂದು ನಿಂತಿತು. ಅಲ್ಲಾಡಿಸಿ ನೋಡಿದರು, ಮಂಚ ಮಿಸುಕಲಿಲ್ಲ. "ಇಡೀ ದಿನದಲ್ಲಿ ಸರಿಯಾಗಿ ಆಗಿರೋ ಕೆಲಸ ಅಂದ್ರೆ ಇದೊಂದೇ" ಅಂದರು.

ಡಾಕ್ಟರು ಮಾತ್ರ ಬಗ್ಗಿ ನಾಲ್ಕನೆಯ ಕಾಲಿನ ಬುಡ ನೋಡುತ್ತಿದ್ದರು. ಬಿಳಿಮರದ ತುಂಡುಗಳ ನಡುವೆ ಅಲ್ಲೊಂದು ಕರಿಮರದ ಚೂರಿತ್ತು, ಬೆರಳಗಲದ್ದು. ಹೋಗಿ ಕೋಲು ತಂದು ಪಕ್ಕಕ್ಕೆ ಹಿಡಿದರು. ಅದೇ ಮರ, ಅದೇ ದಪ್ಪ.

"ಆ ಕಾಲಿಗೆ ಒಂಚೂರು ಕಮ್ಮಿ ಬಿತ್ತು. ಅಡುಗೆಮನೆ ಕಿಟಕಿ ಸಂದಿಯಿಂದ ತೆಗೆದು ಇಟ್ಟೆ" ಅಂದಳು ಹೆಂಡತಿ.

ಚಾಳೀಸಪ್ಪ ಕೋಲು ನೋಡಿದ, ಚೂರು ನೋಡಿದ. ಬೆಳಗಿನಿಂದ ನಡೆದದ್ದೆಲ್ಲ ಹಿಂದುಮುಂದಾಗಿ ತಲೆಯಲ್ಲಿ ಓಡಿತು. ಮಂಚದ ಅಂಚಿಗೆ ಕೈ ಊರಿ, ಎಗರಿ, ಅದರ ಮೇಲೆ ಕೂತುಕೊಂಡ.

ಅಡುಗೆಮನೆಯಲ್ಲಿ ಕಿಟಕಿ ದಡಾರ್ ಅಂತ ಬಡಿಯಿತು.

"ರೀ, ಆ ಕೊಂಡಿ..." ಅಂದಳು ಹೆಂಡತಿ.

"ಈಗಲೇ ಹಾಕ್ತೀನಿ ಕಣೇ, ಈಗಲೇ ಹಾಕ್ತೀನಿ" ಅಂತ ಚಾಳೀಸಪ್ಪ ಇಳಿಯಲು ಹೊರಟ. ಕಾಲು ನೆಲಕ್ಕೆ ಎಟುಕಲಿಲ್ಲ.